ಹೋಳಿಗೆ ಕೊಡುವ ರೋಲ್

ಗೆಳೆಯರೇ, ಮುಂಬೈಯ ಅಂಧೇರಿಯಲ್ಲಿ ಥ್ಯಾಂಕ್ಸ್ ಹೇಳುವುದಕ್ಕೂ ಆಡಿಷನ್ ಕೊಡಬೇಕು ಎಂದು ಇವತ್ತು ತಿಳಿಯಿತು.

ಧಾರಾವಾಹಿಯೊಂದರಲ್ಲಿ ನನಗೆ ಜಡ್ಜ್ ಪಾತ್ರ ಕೊಡಿಸಿದ ಏಜೆಂಟ್ ಮೇಡಂ ನಮ್ಮ ಧಾರವಾಡದ ಕಡೆಯವರು. ಹೆಂಡತಿ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಚೆಂಬೂರಿನಿಂದ ಅವರ ಆಫೀಸಿಗೆ ಹೋದೆ. ಡಬ್ಬಿ ಚಾಚುವಷ್ಟರಲ್ಲಿ ಅವರ ರೀಲ್ಸ್ ನೋಡಿಕೊಳ್ಳುವಾಕೆ ಮೊಬೈಲ್ ಹಿಡಿದು ನಿಂತಳು.

"ಹಾಂ ಅಂಕಲ್, ಈಗ ಕೊಡಿ."

ಕೊಟ್ಟೆ.

"ಥ್ಯಾಂಕ್ಸ್ ಫೀಲ್ ಆಗ್ತಿಲ್ಲ ಅಂಕಲ್. ಏಕ್ ಬಾರ್ ಔರ್. ಕಣ್ಣಲ್ಲಿ ಸ್ವಲ್ಪ ನೀರು ಬರ್ಬೇಕು."

ಡಬ್ಬಿ ವಾಪಸ್ ತೆಗೆದುಕೊಂಡು ಮತ್ತೆ ಕೊಟ್ಟೆ. ಕಣ್ಣೀರು ಬರಲಿಲ್ಲ, ಬೆವರು ಬಂತು.

ಮೇಡಂ ನಿಟ್ಟುಸಿರು ಬಿಟ್ಟು, ಕೆಲಸ ಕೇಳಲು ಬಂದು ಸೋಫಾದಲ್ಲಿ ಕುಳಿತಿದ್ದ ಇನ್ನೊಬ್ಬ ನಟನನ್ನು ಕರೆದರು. ಆತ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಒಂದೇ ಟೇಕಿನಲ್ಲಿ ಗಳಗಳನೆ ಅತ್ತು, ಮೇಡಂ ಕೈಗಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಮಾಡಿದ.

ಹೊರಡುವಾಗ ಮೇಡಂ ಸಮಾಧಾನ ಹೇಳಿದರು. "ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮಗ ಸೂಟ್ ಆಗೋ ರೋಲ್ ಬಂದ್ರ ಫೋನ್ ಮಾಡ್ತೀನಿ."

ನನ್ನ ರೋಲೇ ನನಗೆ ಸೂಟ್ ಆಗಲಿಲ್ಲ. ಆದರೂ ಮನೆಗೆ ಬಂದವನೇ ಫೋನ್ ಚಾರ್ಜಿಗೆ ಇಟ್ಟಿದ್ದೇನೆ.