ನಲ್ಲಿ ಬೇಡ ಎಂದವರೇ ನಲ್ಲಿ ತಂದದ್ದು

ಎಪ್ಪತ್ತರ ದಶಕದಲ್ಲಿ ನಾನು ಕಾಶಿಯಲ್ಲಿ ಓದುತ್ತ, ಬಂಗಾಲಿ ಟೋಲಾ ಎಂಬ ಓಣಿಯಲ್ಲಿದ್ದ ನಮ್ಮ ಕಡೆಯ ಒಂದು ಮಠದಲ್ಲಿ ಉಳಿದಿದ್ದೆ. ಹಿಂದಿ ಬರುತ್ತಿದ್ದರಿಂದ ಮಠಕ್ಕೆ ದುಭಾಷಿ ನಾನೇ. ಸ್ವಾಮಿಗಳಿಗಾಗಲಿ, ದಾಸೋಹದ ಅಡುಗೆ ನೋಡುತ್ತಿದ್ದ ಅಕ್ಕನಿಗಾಗಲಿ ಹಿಂದಿ ಅಷ್ಟಕ್ಕಷ್ಟೆ. ಅಕ್ಕ ವಿಜಾಪುರದ ಕಡೆಯವರು, ವಯಸ್ಸಾಗಿತ್ತು. ಮಠದ ಬಾವಿಯ ಉಪ್ಪು ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಹಾಗಾಗಿ ದಿನಾ ಘಾಟಿನ ಮೆಟ್ಟಿಲಿಳಿದು ನದಿಯಿಂದ ಕೊಡ ಹೊತ್ತು ತರುತ್ತಿದ್ದರು.

ಓಣಿಗೆ ಸರ್ಕಾರಿ ನಲ್ಲಿ ಹಾಕಿಸುವ ಮಾತು ಬಂದಾಗ ವಾರ್ಡಿನ ಪುಢಾರಿ ನಮ್ಮ ಅಂಗಳದಲ್ಲೇ ಸಭೆ ನಡೆಸಿ ವಿರೋಧಿಸಿದರು. ಗಂಗೆ ಬಾಗಿಲಲ್ಲೇ ಹರಿಯುವಾಗ ಪೈಪಿಗೆ ಜನರ ದುಡ್ಡು ಸುರಿಯುವುದು ಪಾಪವಂತೆ. ಅಕ್ಕನ ಕಡೆ ಕೈ ತೋರಿಸಿ, "ಈ ಮಾತಾಜಿಯನ್ನು ನೋಡಿ, ಈ ವಯಸ್ಸಿನಲ್ಲೂ ನಗುನಗುತ್ತ ಕೊಡ ಹೊರುತ್ತಾರೆ. ನಲ್ಲಿ ಬೇಕೆನ್ನುವವರು ಸೋಮಾರಿಗಳು" ಎಂದರು. ನಾನು ಕನ್ನಡಕ್ಕೆ ತಿರುಗಿಸಿದೆ. ಅಕ್ಕ ನಗುತ್ತಿರಲಿಲ್ಲ. ಮಾತಾಡಿದ ಅತಿಥಿಗೆ ಶಾಲು ಹೊದಿಸುವುದು ಮಠದ ಪದ್ಧತಿ. ಏನು ಮಾತಾಡಿದರು ಎಂಬುದು ಪದ್ಧತಿಗೆ ಸಂಬಂಧಿಸಿದ್ದಲ್ಲ. ಸ್ವಾಮಿಗಳು ಹೊದಿಸಿದರು. ನಲ್ಲಿಯ ಕೆಲಸ ನಿಂತಿತು.

ಆ ಮಳೆಗಾಲದಲ್ಲಿ ಅಕ್ಕ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೂಳೆ ಕೂಡಿತು, ಮಣಿಕಟ್ಟು ತಿರುಗಲಿಲ್ಲ. ಕೈಲಾಗದಿದ್ದರೆ ಮಠದವರು ಊರಿಗೆ ಕಳಿಸುತ್ತಾರೆಂಬ ಹೆದರಿಕೆ ಅವರಿಗೆ. ಊರಲ್ಲಿ ಅವರಿಗೆ ಯಾರೂ ಇರಲಿಲ್ಲ.

"ನೀರ್ ಬಾಗಲಿಗೆ ಬಂದ್ರ ಸಾಕಪಾ, ಎಡಗೈಲೆ ಮಾಡ್ತೀನಿ" ಎನ್ನುತ್ತಿದ್ದರು.

ಚುನಾವಣೆ ಹತ್ತಿರ ಬಂದಾಗ ನಲ್ಲಿಯೂ ಬಂತು. ಉದ್ಘಾಟನೆಗೆ ಅದೇ ಪುಢಾರಿ. "ಇದಕ್ಕಾಗಿ ಮೊದಲ ದಿನದಿಂದ ಹೋರಾಡಿದವನು ನಾನು. ಈ ಮಾತಾಜಿ ಕೊಡ ಹೊರುವುದನ್ನು ನೋಡಿ ಕರುಳು ಕಿತ್ತುಬಂದಿತ್ತು" ಎಂದರು. ಇದನ್ನೂ ಕನ್ನಡಕ್ಕೆ ತಿರುಗಿಸಿದೆ. ಇದಕ್ಕೂ ಶಾಲು ಬಂತು. ಆಮೇಲೆ, ಮಾತಾಜಿಯೇ ನಲ್ಲಿ ತಿರುಗಿಸಲಿ ಎಂದರು. ಅಕ್ಕನ ಬಲಗೈಯಲ್ಲಿ ಆಗಲಿಲ್ಲ. ಪುಢಾರಿ ತಾವೇ ತಿರುಗಿಸಿದರು.

ಅಕ್ಕ ಅವರ ಮುಖ ನೋಡಿ, "ನೀವ್ ಬ್ಯಾಡಂದಾಗ ಈ ಕೈ ತಿರಗ್ತಿತ್ರಿ" ಎಂದರು.

"ಮಾತಾಜಿ ಕ್ಯಾ ಕಹತೀ ಹೈಂ?" ಎಂದು ಅಕ್ಕನ ಮಾತಿನ ಅರ್ಥವನ್ನು ಪುಢಾರಿ ನನ್ನನ್ನು ಕೇಳಿದರು.

ನಾನು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು ತಲೆದೂಗಿದರು. ಮೈಕಿನ ಕಡೆ ತಿರುಗಿ, ಮಾತಾಜಿ ಆಶೀರ್ವಾದ ಮಾಡಿದ್ದಾರೆಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ಅಕ್ಕ ಕೊಡ ಇಟ್ಟು, ಎಡಗೈಯಲ್ಲಿ ನಲ್ಲಿ ತಿರುಗಿಸಿ ತುಂಬಿಸಿದರು. ಅದೇ ಕೈಯಲ್ಲಿ ಕೊಡ ಎತ್ತಲು ನೋಡಿದರು. ಆಗಲಿಲ್ಲ. ಸ್ವಾಮಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.