ಸೂಜಿ ಆಂಟಿ ಕೊಟ್ಟ ಮಾತು

ಬೆಳಕು ಹರಿಯುವ ಮೊದಲೇ ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ನರ್ಸಮ್ಮ ಕಾಯುತ್ತಿದ್ದಾರೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕಿದ ಸದ್ದು ಕೇಳಿಸಿದರಷ್ಟೇ ಅದಕ್ಕೆ ಲಸಿಕೆ ಪೆಟ್ಟಿಗೆಯಲ್ಲಿ ಜಾಗ. "ಅವಸರ ಮಾಡಿದ್ರೆ ಲಸಿಕೆ ಹೆಪ್ಪುಗಟ್ಟುತ್ತೆ. ಆಮೇಲೆ ಚುಚ್ಚಿದ್ರೂ ಒಂದೇ, ಬಿಟ್ರೂ ಒಂದೇ," ಎನ್ನುತ್ತಾರೆ.

ಪೆಟ್ಟಿಗೆಯನ್ನು ಹೆಗಲಿಗೇರಿಸಿ ಎರಡು ಬಸ್ಸು ಬದಲಿಸಿದರೆ ಶಾಲೆ. ದಿನಕ್ಕೆ ಎಂಬತ್ತು ಪುಟ್ಟ ತೋಳುಗಳಿಗೆ ಫ್ಲೂ ಲಸಿಕೆ ಹಾಕಬೇಕು. ಮಕ್ಕಳ ಬಾಯಲ್ಲಿ ಇವರು 'ಸೂಜಿ ಆಂಟಿ'. ಇವರ ತಲೆ ಕಂಡರೆ ಸಾಕು, ಇಡೀ ತರಗತಿಗೆ ಒಮ್ಮೆಲೇ ಬಾತ್‌ರೂಮಿಗೆ ಅವಸರವಾಗುತ್ತದೆ.

ಮೊದಲು ಅವರ ಬಳಿ ಇದಕ್ಕೊಂದು ಮದ್ದಿತ್ತು. "ಒಂದೇ ಒಂದು ಚುಚ್ಚು ಪುಟ್ಟಾ, ವರ್ಷವಿಡೀ ಜ್ವರ ನಿನ್ನ ಹತ್ರ ಸುಳಿಯಲ್ಲ," ಎನ್ನುತ್ತಿದ್ದರು. ಅಳು ನಿಲ್ಲುತ್ತಿತ್ತು, ಸಾಲು ಮುಂದೆ ಸರಿಯುತ್ತಿತ್ತು. ಮಕ್ಕಳು ಅದನ್ನೇ ಮನೆಗೂ ಹೊತ್ತೊಯ್ದವು. ಒಂದು ಚಳಿಗಾಲದಲ್ಲಿ ಲಸಿಕೆ ಹಾಕಿಸಿಕೊಂಡಿದ್ದ ಹುಡುಗಿಯೊಬ್ಬಳಿಗೆ ಫ್ಲೂ ಬಂತು. ನಾಲ್ಕು ದಿನ ಮಲಗಿ ಎದ್ದಳು, ಅಷ್ಟೇ. ಆದರೆ ಶಾಲೆಯ ಗೇಟಿನ ಮುಂದೆ ನಿಂತ ತಾಯಂದಿರಿಗೆ ಸೂಜಿ ಆಂಟಿಯ ಮಾತು ಸುಳ್ಳೆನ್ನಲು ಅಷ್ಟೇ ಸಾಕಾಯಿತು. ಮರುವರ್ಷ ಅರ್ಧ ತರಗತಿಯ ಮನೆಗಳಿಂದ ಒಪ್ಪಿಗೆಯೇ ಬರಲಿಲ್ಲ.

ಹಾಗೆ ಲಸಿಕೆ ಬೇಡವೆಂದವರ ಮನೆಯ ಒಂಬತ್ತು ವರ್ಷದ ಹುಡುಗನೊಬ್ಬ ಫ್ಲೂ ಬಂದು ಐಸಿಯು ಸೇರಿದ. ಬದುಕಿ ಬಂದದ್ದೇನೋ ನಿಜ, ಆದರೆ ಇವತ್ತಿಗೂ ಮೆಟ್ಟಿಲು ಹತ್ತುವಾಗ ನಡುವೆ ಏದುಸಿರು ಬಿಡುತ್ತಾ ನಿಲ್ಲುತ್ತಾನೆ. "ಚುಚ್ಚಿದ್ರೆ ತಪ್ತಿತ್ತು ಅಂತ ಎದೆ ತಟ್ಟಿ ಹೇಳೋಕಾಗಲ್ಲ. ತಪ್ತಿತ್ತೇನೋ ಅನ್ನೋದೇ ನನ್ನ ತಿಂತಾ ಇದೆ," ಎನ್ನುತ್ತಾರೆ ನರ್ಸಮ್ಮ. 'ಜ್ವರ ಸುಳಿಯಲ್ಲ' ಎಂದದ್ದು ಬೇಕೆಂದು ಹೇಳಿದ ಸುಳ್ಳಲ್ಲ, ಅಳುವ ಮಗುವಿನ ಮುಂದೆ ಬಾಯಿಗೆ ಬಂದ ಸಮಾಧಾನ. ಅವರಿಗೆ ಮಾತ್ರ ಅದರಿಂದ ಸಮಾಧಾನವಿಲ್ಲ.

ಈಗ ಅವರು ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಹಾಗಾಗಿ ಅಳು ಜಾಸ್ತಿ, ಸಾಲು ನಿಧಾನ, ಮೇಲಿನವರ ಗೊಣಗಾಟ ಬೇರೆ.

ಇವತ್ತು ಅದೇ ಹುಡುಗನ ತಾಯಿ ಮಗಳ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಬರುತ್ತಿಲ್ಲ.

"ಇದನ್ನ ಹಾಕಿಸಿದ್ರೆ ಫ್ಲೂ ಬರೋದೇ ಇಲ್ವಾ ಸಿಸ್ಟರ್?"

ನರ್ಸಮ್ಮ ಕೈಲಿದ್ದ ಹತ್ತಿಯನ್ನು ಕೆಳಗಿಡುತ್ತಾರೆ. "ಬರಬಹುದಮ್ಮ. ರೋಗಾಣು ವರ್ಷವರ್ಷ ವೇಷ ಬದಲಿಸುತ್ತೆ. ಲಸಿಕೆ ಒಂದು ವರ್ಷ ಚೆನ್ನಾಗಿ ತಡೆಯುತ್ತೆ, ಇನ್ನೊಂದು ವರ್ಷ ಅಷ್ಟಕ್ಕಷ್ಟೆ. ಆದ್ರೆ ಹಾಕಿಸಿಕೊಂಡ ಮಕ್ಕಳು ಆಸ್ಪತ್ರೆ ಸೇರೋದು ಕಡಿಮೆ. ಇಷ್ಟೇ ನಾನು ಹೇಳಬಲ್ಲೆ."

ತಾಯಿ ಒಳಗೆ ಬರುತ್ತಾರೆ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಅವಳ ಅಂಗಿಯ ತೋಳು ಮಡಚುತ್ತಾರೆ.

"ಇಷ್ಟನ್ನೇ ಆವತ್ತೂ ಹೇಳಿದ್ದಿದ್ರೆ, ಅವನನ್ನೂ ಕರ್ಕೊಂಡು ಬರ್ತಿದ್ದೆ ಸಿಸ್ಟರ್."