ರೋಲರಿಗಿಟ್ಟ ಕುಂಕುಮ

ಮೊನ್ನೆ ಸರಸ್ವತಿಪುರಂನ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಸೈಲೆನ್ಸರ್ ಬಿಚ್ಚಿದ ಮೆಕ್ಯಾನಿಕ್, ಸಂದಿನಲ್ಲಿ ಹೊಗೆ ಸೋರದಂತೆ ಕೂರಿಸಿದ್ದ ಸವೆದ ಗ್ಯಾಸ್ಕೆಟ್ಟನ್ನು ನನ್ನ ಅಂಗೈಗೆ ಹಾಕಿದ. ಕಪ್ಪು, ಮೆದು, ಹಗುರ. ಉಗುರಿನಿಂದ ಒತ್ತಿದೆ, ಗುರುತು ಹಾಗೇ ನಿಂತಿತು. ಅಯ್ಯೋ, ಗ್ರಾಫೈಟ್ ಹಾಳೆ! ಅದೇ ಕೈಯಲ್ಲಿ ಹಣೆಯ ಬೆವರು ಒರೆಸಿಕೊಂಡೆ...

ವರ್ಷಗಳ ಹಿಂದೆ ಬನ್ನಿಮಂಟಪದ ಒಂದು ಶೆಡ್ಡಿನಲ್ಲಿ ಇಂಥದೇ ಹಾಳೆ ಮಾಡಿಸುತ್ತಿದ್ದ ನಮ್ಮ ಯಜಮಾನಮ್ಮನ ಬಳಿ ನಾನು ಕೆಲಸಕ್ಕಿದ್ದೆ. ಗಂಡ ತೀರಿಕೊಂಡ ಮೇಲೆ ಅದನ್ನು ಅವರೇ ನಡೆಸುತ್ತಿದ್ದರು. ಗ್ರಾಫೈಟಿನ ಚೂರುಗಳನ್ನು ಆಸಿಡ್ಡಿನಲ್ಲಿ ನೆನೆಸಿದರೆ ಆಸಿಡ್ಡು ಅವುಗಳ ಪದರಗಳ ನಡುವೆ ಹೊಕ್ಕು ಕೂರುತ್ತದೆ. ತೊಳೆದು, ಒಣಗಿಸಿ, ನಿಗಿನಿಗಿ ಕುಲುಮೆಗೆ ಸುರಿದರೆ ಒಳಗಿದ್ದದ್ದು ಆವಿಯಾಗಿ ಪದರಗಳನ್ನು ತಳ್ಳಿಕೊಂಡು ಹೊರಬೀಳುತ್ತದೆ. ಚಿಟಿಕೆಯಷ್ಟಿದ್ದದ್ದು ಅರಳು ಹುರಿದ ಹಾಗೆ ಉಬ್ಬಿ ತಟ್ಟೆ ತುಂಬುತ್ತದೆ. ಆ ಕರಿ ಅರಳನ್ನು ರೋಲರುಗಳ ನಡುವೆ ಒತ್ತಿದರೆ ಹಾಳೆ. ಅಂಟು ಗಿಂಟು ಏನೂ ಬೇಡ.

ಸೆಕೆಗೆ ಮುಖ ಒರೆಸಿಕೊಂಡಾಗೆಲ್ಲ ಯಜಮಾನಮ್ಮನ ಹುಬ್ಬಿನ ನಡುವೆ ಮಸಿ ಹತ್ತುತ್ತಿತ್ತು. "ಅಮ್ಮಾ, ಒರೆಸ್ಕೊಳ್ಳಿ" ಎಂದರೆ ನಗುತ್ತಿದ್ದರು. "ಇರ್ಲಿ ಬುಡು ಕಣಮ್ಮ. ಬರೀ ಹಣೆಗೆ ಇದಾದ್ರೂ ಇರ್ಲಿ."

ಶೆಡ್ ಇದ್ದದ್ದು ಅವರ ಮೈದುನನ ಹೆಸರಿನಲ್ಲಿ. ಪುಣ್ಯಾತ್ಮ, ಖಡಾಖಂಡಿತ ಹೇಳಿಬಿಟ್ಟಿದ್ದ: ಪಂಪು ತಯಾರಿಸುವವರು ಗ್ಯಾಸ್ಕೆಟ್ಟಿಗೆಂದು ಕೇಳಿದ ಸ್ಯಾಂಪಲ್ ಪಾಸಾದರೆ ಸರಿ, ಇಲ್ಲವಾದರೆ ಶೆಡ್ ಮಾರಾಟ. ಅಷ್ಟರಲ್ಲಿ ಆಯುಧಪೂಜೆ ಬಂತು. ಯಜಮಾನಮ್ಮ ಕುಲುಮೆಗೆ, ತಕ್ಕಡಿಗೆ ಕುಂಕುಮವಿಟ್ಟರು. ರೋಲರಿನ ಮುಂದೆ ಮಾತ್ರ ಸುಮಾರು ಹೊತ್ತು ನಿಂತರು. ಆಮೇಲೆ ಅದರ ಹೊಳೆಯುವ ಮೈಗೇ ಬೆರಳು ತುಂಬ ಹಚ್ಚಿದರು.

"ನನಗಂತೂ ಇಲ್ಲ. ಇದಾದ್ರೂ ಮುತ್ತೈದೆ ಹಂಗಿರ್ಲಿ."

ದಸರೆ ರಜೆ ಮುಗಿದ ಬೆಳಿಗ್ಗೆ ರೋಲರು ಒರೆಸಿಯೇ ಸ್ಯಾಂಪಲ್ ಹಾಳೆ ಒತ್ತಲು ಶುರುಮಾಡಿದೆವು. ಆದರೂ ಎಣ್ಣೆಪಸೆಗೆ ಕಚ್ಚಿಕೊಂಡಿದ್ದ ಕುಂಕುಮ ಹಾಳೆಯೊಳಗೆ ಸೇರಿಬಿಟ್ಟಿತ್ತು. ಪರೀಕ್ಷಿಸಲು ಬಂದ ಪಂಪಿನವರು ಹಾಳೆಯನ್ನು ಬಾಗಿಸಿದರು. ಸರಿಯಾಗಿ ಆ ಕೆಂಪು ಗೆರೆಯಲ್ಲೇ ಅದು ಬಿರುಕುಬಿಟ್ಟಿತು.

"ಮುಂಡೆ ಕೈಲಿ ಪೂಜೆ ಮಾಡ್ಸುದ್ರೆ ಇನ್ನೇನಾಗುತ್ತೆ" ಎಂದ ಮೈದುನ, ಎಲ್ಲರೆದುರಿಗೆ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನುವಷ್ಟು ಸಿಟ್ಟು ಬಂತು ನನಗೆ. ಯಜಮಾನಮ್ಮ ಸೆರಗಿನಿಂದ ಹಣೆಯ ಮಸಿಯನ್ನು ಉಜ್ಜಿ ಉಜ್ಜಿ ತೆಗೆದರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶೆಡ್ ಮಾರಿದರು, ರೋಲರ್ ಗುಜರಿಗೆ ಹೋಯಿತು. ಯಜಮಾನಮ್ಮ ಬಹಳ ದಿನ ಉಳಿಯಲಿಲ್ಲ... ಆ ರಸ್ತೆಯಲ್ಲಿ ಹೋದರೆ ಈಗಲೂ ಕುಲುಮೆಯ ಸಣ್ಣ ಚಟಪಟ ನನ್ನ ಕಿವಿಗೆ ಬೀಳುತ್ತದೆ. ಶೆಡ್ಡಿನ ಗೋಡೆಯೂ ಈಗ ಅಲ್ಲಿಲ್ಲ.

"ಮೇಡಂ, ಹಣೆ ಮೇಲೆ ಮಸಿ ಆಗೈತೆ, ಒರೆಸ್ಕೊಳ್ಳಿ" ಎಂದ ಮೆಕ್ಯಾನಿಕ್.

ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಗಂಡ ಹೋಗಿ ವರ್ಷವಾಗುತ್ತ ಬಂತು. ನಾನೂ ಕುಂಕುಮ ಬಿಟ್ಟಿದ್ದೇನೆ. ಹುಬ್ಬಿನ ನಡುವೆ, ಅದೇ ಜಾಗದಲ್ಲಿ, ಕಪ್ಪು ಬೊಟ್ಟು.

"ಇರ್ಲಿ ಬುಡಪ್ಪ" ಎಂದೆ. ಆ ದನಿ ನನ್ನದಾಗಿರಲಿಲ್ಲ.